ಓಡುವುದಕ್ಕೆ ಬಲ ಬೇಕೆ?

ಒಂಬತ್ತನೇ ತರಗತಿಗೆ ಬಲ ಮತ್ತು ಚಲನೆಯ ಪಾಠ ಶುರು ಮಾಡುವ ದಿನ ನಾನು ಮಕ್ಕಳಿಂದ ಪುಸ್ತಕ ತೆಗೆಸುವುದಿಲ್ಲ. ಎರಡು ಪ್ರಶ್ನೆ ಕೇಳುತ್ತೇನೆ. ನೀವು ಕೂತಿರುವ ಈ ಫರಸಿ ಕಲ್ಲಿನ ಮೇಲೆ, ನೀವೆಲ್ಲ ಎದ್ದು ಮನೆಗೆ ಹೋದ ಮೇಲೂ, ಯಾವುದಾದರೂ ಬಲ ಇರುತ್ತದೆಯೆ? ನೆಟ್ಟಗಿನ ಸಪಾಟು ರಸ್ತೆಯಲ್ಲಿ ಅರವತ್ತರ ವೇಗ ಹಿಡಿದು, ಹೆಚ್ಚೂ ಮಾಡದೆ ಕಡಿಮೆಯೂ ಮಾಡದೆ ಹೊರಟಿರುವ ಬಸ್ಸಿನ ಮೇಲಿನ ಬಲಗಳನ್ನೆಲ್ಲ ಕೂಡಿ ಕಳೆದರೆ ಉಳಿಯುವುದು ಎಷ್ಟು?

ಮೊದಲನೆಯದಕ್ಕೆ ಬರುವ ಉತ್ತರ ಹೆಚ್ಚುಕಡಿಮೆ ಪ್ರತಿ ವರ್ಷ ಒಂದೇ. "ಕಲ್ಲು ಸುಮ್ನ ಬಿದ್ದದ ಅಲ್ರಿ ಟೀಚರ್, ಅದಕ್ಕ ಯಾರು ನೂಕ್ಯಾರ?" ಎರಡನೆಯದಕ್ಕೆ, "ಭಾಳ ಉಳೀತದ್ರೀ. ಇಲ್ಲಾಂದ್ರ ಬಸ್ಸು ಹೆಂಗ ಓಡ್ತದ?" ಎರಡೂ ತಪ್ಪು. ಕಲ್ಲಿನ ಮೇಲೆ ಬಲ ಇದೆ, ಅದೂ ಒಂದಲ್ಲ. ಬಸ್ಸಿನ ಮೇಲೆ ಉಳಿಯುವುದು ಸೊನ್ನೆ. ಇಷ್ಟು ವರ್ಷ ಪಾಠ ಮಾಡಿದ ಮೇಲೆ ನನಗೆ ಖಾತ್ರಿಯಾಗಿರುವ ಸಂಗತಿ ಇದು: ಭೌತಶಾಸ್ತ್ರದಲ್ಲಿ ಮಕ್ಕಳ ಮನಸ್ಸಿನೊಳಗೆ ಇಳಿಯಲು ಅತಿ ಹೆಚ್ಚು ಹಟ ಮಾಡುವುದು ಯಾವುದೋ ಸೂತ್ರವಲ್ಲ, ಒಂದು ಸಾದಾ ಮಾತು. ಬಲ ಬೇಕಾಗುವುದು ಓಡುವುದಕ್ಕಲ್ಲ, ಓಟ ಬದಲಾಗುವುದಕ್ಕೆ. ವಸ್ತುವಿನ ಮೇಲಿನ ಬಲಗಳು ಒಂದಕ್ಕೊಂದು ಸರಿದೂಗಿದ್ದರೆ ಅದು ಇದ್ದಂತೆಯೇ ಇರುತ್ತದೆ. ನಿಂತಿದ್ದರೆ ನಿಂತೇ ಇರುತ್ತದೆ, ಓಡುತ್ತಿದ್ದರೆ ಅದೇ ವೇಗದಲ್ಲಿ, ಅದೇ ದಿಕ್ಕಿಗೆ ಓಡುತ್ತಲೇ ಇರುತ್ತದೆ. ಒಂದು ಕಡೆಗೆ ಬಲ ಮಿಕ್ಕಿತೋ, ಆಗ ಮಾತ್ರ ವೇಗವೋ ದಿಕ್ಕೋ ಬದಲಾಗುತ್ತದೆ. ಪುಸ್ತಕದಲ್ಲಿ ಇದನ್ನೇ ಸಂತುಲಿತ ಬಲ, ಅಸಂತುಲಿತ ಬಲ ಎನ್ನುತ್ತಾರೆ.

ಮಕ್ಕಳ ಉತ್ತರವನ್ನು ನಾನು ದಡ್ಡತನ ಎಂದು ಯಾವತ್ತೂ ಕರೆದಿಲ್ಲ. ನಮ್ಮದು ಕಲಬುರಗಿ ಜಿಲ್ಲೆಯ ಹಳ್ಳಿ ಶಾಲೆ. ಸುತ್ತ ಎರೆ ಹೊಲ, ತೊಗರಿ, ಜೋಳ. ಮಳೆಗಾಲದಲ್ಲಿ ಎರೆ ಮಣ್ಣಿಗೆ ಬಂಡಿ ಇಳಿಸಿದವರಿಗೆ ಗೊತ್ತು, ಎತ್ತು ಒಂದು ಕ್ಷಣ ಜಗ್ಗುವುದು ಬಿಟ್ಟರೆ ಗಾಲಿ ಅಲ್ಲಿಯೇ ಕಚ್ಚಿಕೊಳ್ಳುತ್ತದೆ. ನೂಕಿದರೆ ಹೋಗುತ್ತದೆ, ಬಿಟ್ಟರೆ ನಿಲ್ಲುತ್ತದೆ. ಹುಟ್ಟಿದಾಗಿನಿಂದ ಕಣ್ಣು ಕಂಡದ್ದು ಇದನ್ನೇ. ಗ್ರೀಸಿನ ಅರಿಸ್ಟಾಟಲ್ ಕೂಡ ಇದನ್ನೇ ಕಂಡು, ನೂಕುವವನಿಲ್ಲದೆ ಓಟವಿಲ್ಲ ಎಂದ. ಅವನ ಮಾತು ಸುಮಾರು ಎರಡು ಸಾವಿರ ವರ್ಷ ನಿಂತಿತು. ಅಂಥ ಬುದ್ಧಿವಂತನಿಗೇ ಹಾಗೆ ಕಂಡದ್ದು ನನ್ನ ಎದುರಿನ ಹದಿನಾಲ್ಕರ ಹುಡುಗಿಗೆ ಹಾಗೆ ಕಂಡರೆ ಬೈಯುವುದು ಯಾಕೆ? ಅವಳು ನೋಡಿದ್ದು ಸುಳ್ಳಲ್ಲ. ನೋಡಿದ್ದರಲ್ಲಿ ಒಂದು ಬಲ ಮಾತ್ರ ಕಣ್ಣಿಗೆ ಬಿದ್ದಿಲ್ಲ, ಅಷ್ಟೇ. ಅದರ ಹೆಸರು ಘರ್ಷಣೆ.

ಘರ್ಷಣೆಯನ್ನು ತೋರಿಸುವುದಕ್ಕೆ ನಮ್ಮ ಭಾಗದಲ್ಲಿ ಪ್ರಯೋಗಾಲಯ ಬೇಕಾಗಿಲ್ಲ. ಯಾದಗಿರಿ, ರಾಯಚೂರು ಕಡೆಯ ಜಾತ್ರೆ ಹಬ್ಬಗಳಲ್ಲಿ ಎತ್ತುಗಳಿಂದ ಭಾರದ ಕಲ್ಲು ಎಳೆಸುವ ಸ್ಪರ್ಧೆ ಇರುತ್ತದೆ. ಗಾಲಿ ಇಲ್ಲ, ಏನಿಲ್ಲ. ಕಡಿದು ಚಪ್ಪಟೆ ಮಾಡಿದ ದೊಡ್ಡ ಕಲ್ಲು ನೆಲದ ಮೇಲೆ ಕೂತಿರುತ್ತದೆ, ಅದರಿಂದ ನೊಗಕ್ಕೆ ಬಿಗಿದಿರುತ್ತಾರೆ. ಕೊಟ್ಟ ವೇಳೆಯೊಳಗೆ ಯಾವ ಜೋಡಿ ಹೆಚ್ಚು ದೂರ ಎಳೆಯುತ್ತದೋ ಆ ಜೋಡಿ ಗೆದ್ದಿತು. ಬಾರುಕೋಲು ಬೀಸುವುದು, ಬಾಲ ತಿರುಚುವುದು ನನಗೆ ನೋಡಲಾಗುವುದಿಲ್ಲ, ಅದು ಇರಬಾರದು ಎಂದೇ ನನ್ನ ಅಭಿಪ್ರಾಯ. ಆದರೆ ಕಲ್ಲು ಕದಲುವ ಮುಂಚಿನ ಆ ಗಳಿಗೆಯಿದೆಯಲ್ಲ, ಅದನ್ನು ಹತ್ತಿರದಿಂದ ನೋಡಿದವರಿಗೆ ಸಂತುಲಿತ ಬಲ ಎಂದರೇನು ಎಂದು ಬಿಡಿಸಿ ಹೇಳಬೇಕಾಗಿಲ್ಲ.

ಎತ್ತುಗಳು ಮುಂದಕ್ಕೆ ಬಾಗುತ್ತವೆ. ಗೊರಸು ಮಣ್ಣಿನಲ್ಲಿ ಇಳಿಯುತ್ತದೆ. ತೊಡೆಯ ನರ ಎದ್ದು ಕಾಣುತ್ತವೆ. ನೊಗದಿಂದ ಕಲ್ಲಿನವರೆಗೆ ಎಲ್ಲ ಬಿಗಿದು ನೆಟ್ಟಗಾಗುತ್ತದೆ. ಕಲ್ಲು ಮಾತ್ರ ಮಿಸುಕುವುದಿಲ್ಲ. ಸುತ್ತ ನಿಂತ ಜನ ಕೇಕೆ ಹಾಕುತ್ತಿರುತ್ತಾರೆ, ಆದರೂ ನೋಡುವವರಿಗೆ ಏನೂ ನಡೆಯುತ್ತಿಲ್ಲ ಎಂದೇ ಅನಿಸುತ್ತದೆ. ನಡೆಯುತ್ತಿರುವುದು ಬೇಕಾದಷ್ಟಿದೆ. ಕಲ್ಲು ಒಂದು ಟನ್ ಇದೆ, ಅದನ್ನು ಕದಲಿಸಲು 600 ಕಿಲೋ ತೂಕದಷ್ಟು ಜಗ್ಗಬೇಕು ಎಂದು ಲೆಕ್ಕಕ್ಕೆ ಇಟ್ಟುಕೊಳ್ಳೋಣ. ಎತ್ತುಗಳು 100ರಷ್ಟು ಜಗ್ಗಿದರೆ ನೆಲ 100ರಷ್ಟೇ ಹಿಂದಕ್ಕೆ ಹಿಡಿಯುತ್ತದೆ. 300ಕ್ಕೆ 300. 599ಕ್ಕೆ 599. ಘರ್ಷಣೆಯ ಈ ಗುಣ ನನಗೆ ಇವತ್ತಿಗೂ ಸೋಜಿಗ. ಅದಕ್ಕೆ ತನ್ನದೇ ಆದ ಒಂದು ನಿಗದಿ ಅಳತೆ ಇಲ್ಲ, ಎದುರು ಬಂದಷ್ಟಕ್ಕೆ ಅಷ್ಟೇ ಎದ್ದು ನಿಲ್ಲುತ್ತದೆ, ಒಂದು ಮಿತಿಯವರೆಗೆ. ಆ ಮಿತಿಯವರೆಗೂ ಕಲ್ಲಿನ ಮೇಲೆ ಉಳಿಯುವ ಬಲ ಸೊನ್ನೆ, ಕಲ್ಲು ನಿಂತಲ್ಲೇ.

ಮಿತಿ ದಾಟಿತೋ, ಕಲ್ಲು ಗಕ್ಕನೆ ಕಿತ್ತು ಬರುತ್ತದೆ. ಎತ್ತುಗಳೇ ಒಂದು ಹೆಜ್ಜೆ ಮುಗ್ಗರಿಸುತ್ತವೆ. ಯಾಕೆಂದರೆ ಜಾರಲು ಶುರುವಾದ ಕಲ್ಲಿಗೆ ಘರ್ಷಣೆ ಕಡಿಮೆ. 600 ಇದ್ದದ್ದು 500ಕ್ಕೆ ಇಳಿಯಿತು ಎನ್ನಿ. ಎತ್ತುಗಳು ಇನ್ನೂ 600ರಷ್ಟೇ ಜಗ್ಗುತ್ತಿವೆ. ಮಿಕ್ಕಿದ್ದು 100. ಒಂದು ಟನ್ ಕಲ್ಲಿಗೆ ಈ 100 ಕಿಲೋ ತೂಕದಷ್ಟು ಬಲ ಸಿಕ್ಕರೆ ಅದರ ವೇಗ ಪ್ರತಿ ಸೆಕೆಂಡಿಗೂ ಸುಮಾರು ಸೆಕೆಂಡಿಗೆ ಒಂದು ಮೀಟರಿನಷ್ಟು ಏರುತ್ತ ಹೋಗುತ್ತದೆ. ಅಸಂತುಲಿತ ಬಲದ ಕೆಲಸ ಇದೇ, ವೇಗ ಏರಿಸುವುದು ಇಲ್ಲವೆ ಇಳಿಸುವುದು ಇಲ್ಲವೆ ದಿಕ್ಕು ತಿರುಗಿಸುವುದು.

ಇನ್ನು ಮುಂದಿನದೇ ಮುಖ್ಯ. ಸ್ವಲ್ಪ ಹೊತ್ತಿನಲ್ಲಿ ಎತ್ತುಗಳು ಒಂದು ನಡಿಗೆಗೆ ಬರುತ್ತವೆ. ಕಲ್ಲು ಅವುಗಳ ಹಿಂದೆ ಒಂದೇ ಹದದಲ್ಲಿ ಧೂಳೆಬ್ಬಿಸುತ್ತ ಬರುತ್ತದೆ. ಆಗ ಎಳೆತ 500, ಘರ್ಷಣೆ 500. ಉಳಿದದ್ದು ಮತ್ತೆ ಸೊನ್ನೆ. ಕದಲದೆ ಕೂತಿದ್ದಾಗ ಇದ್ದದ್ದೂ ಸೊನ್ನೆ, ನಡಿಗೆಯಲ್ಲಿ ಬರುವಾಗ ಇರುವುದೂ ಸೊನ್ನೆ. ಲೆಕ್ಕ ಒಂದೇ, ಕಣ್ಣಿಗೆ ಕಾಣುವ ದೃಶ್ಯ ಬೇರೆ. ಕರಿಹಲಗೆಯ ಮೇಲೆ ಎರಡು ಕಲ್ಲು ಬರೆದು, ಒಂದೊಂದಕ್ಕೂ ಎಡಕ್ಕೊಂದು ಬಲಕ್ಕೊಂದು ಸಮ ಬಾಣ ಹಾಕಿ, ಇದರಲ್ಲಿ ಯಾವುದು ನಿಂತಿದೆ, ಯಾವುದು ಓಡುತ್ತಿದೆ ಹೇಳಿ ಎನ್ನುತ್ತೇನೆ. ಹೇಳಲು ಆಗುವುದಿಲ್ಲ. ಬಾಣ ನೋಡಿ ವೇಗ ಹೇಳಲು ಬರುವುದಿಲ್ಲ, ವೇಗ ಬದಲಾಗುತ್ತದೋ ಇಲ್ಲವೋ ಅಷ್ಟು ಮಾತ್ರ ಹೇಳಬಹುದು. ಇದು ತಿಳಿದ ಮಕ್ಕಳ ಮುಖ ಬೇರೆಯೇ ಆಗುತ್ತದೆ.

ಇಲ್ಲಿಗೆ ಬಂದಾಗ ಯಾರಾದರೂ ಒಬ್ಬರು ಕೇಳಿಯೇ ಕೇಳುತ್ತಾರೆ: "ಎತ್ತು ಕಲ್ಲಿಗೆ ಜಗ್ಗಿದಷ್ಟೇ ಕಲ್ಲೂ ಎತ್ತಿಗೆ ಹಿಂದ ಜಗ್ಗತದ ಅಂತ ಪುಸ್ತಕದಾಗ ಅದ. ಹಂಗಾದ್ರ ಎಂದೂ ಸರಿದೂಗೇ ಇರಬೇಕಲ್ರಿ, ಕಲ್ಲು ಹೆಂಗ ಬರ್ತದ?" ಈ ಪ್ರಶ್ನೆ ಕೇಳಿದ ಮಗುವಿಗೆ ನಾನು ಮನಸಾರೆ ಶಹಬ್ಬಾಸ್ ಹೇಳುತ್ತೇನೆ. ನ್ಯೂಟನ್‌ನ ಮೂರನೇ ನಿಯಮದ ಆ ಜೋಡಿ ಬಲಗಳು ಸಮವೇ ಹೌದು, ಆದರೆ ಒಂದು ಬೀಳುವುದು ಕಲ್ಲಿನ ಮೇಲೆ, ಇನ್ನೊಂದು ಎತ್ತಿನ ಮೇಲೆ. ಬೇರೆ ಬೇರೆ ಖಾತೆಯ ಜಮಾ ಖರ್ಚನ್ನು ಒಂದೇ ಪುಟದಲ್ಲಿ ಕಳೆದರೆ ಲೆಕ್ಕ ಕೆಡುತ್ತದೆ. ಕಲ್ಲು ಏನು ಮಾಡುತ್ತದೆ ಎಂದು ತಿಳಿಯಬೇಕಾದರೆ ಕಲ್ಲಿನ ಮೇಲೆ ಬೀಳುವ ಬಲಗಳನ್ನು ಮಾತ್ರ ಬರೆಯಬೇಕು: ಮುಂದಕ್ಕೆ ಎಳೆತ, ಹಿಂದಕ್ಕೆ ಘರ್ಷಣೆ. ಎತ್ತು ಮುಂದೆ ಹೋಗುವುದು ಗೊರಸಿನಿಂದ ನೆಲವನ್ನು ಹಿಂದಕ್ಕೆ ಒತ್ತಿ, ಅದಕ್ಕೆ ಪ್ರತಿಯಾಗಿ ನೆಲ ಅದನ್ನು ಮುಂದಕ್ಕೆ ಒತ್ತಿದ್ದರಿಂದ. ಹಗ್ಗ ಜಗ್ಗಾಟದಲ್ಲೂ ಅಷ್ಟೇ. ಹಗ್ಗದ ಬಿಗಿತ ಎರಡೂ ಕಡೆಗೆ ಒಂದೇ, ಗೆಲ್ಲಿಸುವುದು ಕಾಲಡಿಯ ಹಿಡಿತ. ಕೆಲವು ಗೈಡುಗಳಲ್ಲಿ ನೆಲದ ಮೇಲಿನ ವಸ್ತುವಿನ ತೂಕ, ನೆಲ ಕೊಡುವ ಆಸರೆ ಇವೆರಡನ್ನೇ ಕ್ರಿಯೆ ಪ್ರತಿಕ್ರಿಯೆ ಎಂದು ಅಚ್ಚು ಹಾಕಿರುತ್ತಾರೆ. ಅವೆರಡೂ ಬೀಳುವುದು ಒಂದೇ ವಸ್ತುವಿನ ಮೇಲೆ, ಹಾಗಾಗಿ ಅವು ಆ ಜೋಡಿಯಲ್ಲ. ಇದನ್ನು ಕಂಡಲ್ಲೆಲ್ಲ ನಾನು ಕೆಂಪು ಶಾಯಿಯಲ್ಲಿ ತಿದ್ದುತ್ತೇನೆ, ಯಾರು ಬೇಜಾರು ಮಾಡಿಕೊಂಡರೂ ಸರಿ.

ಅರಿಸ್ಟಾಟಲ್ ಮಾತಿಗೆ ಅಡ್ಡಮಾತು ಬಂದದ್ದು ಒಂದೇ ದಿನದಲ್ಲಲ್ಲ. ಬೀದರಿನಲ್ಲಿ 1472ರಲ್ಲಿ ಮದರಸಾ ಕಟ್ಟಿಸಿದ ಮಹಮೂದ್ ಗವಾನ ಪರ್ಷಿಯಾದ ಗಿಲಾನ್ ಸೀಮೆಯವನು. ಅದೇ ಪರ್ಷಿಯನ್ ಜಗತ್ತಿನ ತತ್ತ್ವಜ್ಞಾನಿ ಇಬ್ನ್ ಸೀನಾ, ಗವಾನನಿಗಿಂತ ನಾಲ್ಕು ಶತಮಾನ ಮುಂಚೆಯೇ, ಎಸೆದ ವಸ್ತುವಿಗೆ ಎದುರು ತಡೆಯುವ ಗಾಳಿ ಇಲ್ಲದಿದ್ದರೆ ಅದು ನಿಲ್ಲುವುದಿಲ್ಲ ಎಂಬ ವಿಚಾರ ಮಾಡಿದ್ದ. ನಿಲ್ಲಿಸುವುದಕ್ಕೂ ಏನಾದರೂ ಬೇಕು ಎಂಬ ಎಳೆ ಅಲ್ಲಿಯೇ ಇದೆ. ಅದನ್ನು ಪ್ರಯೋಗದ ದಾರಿಗೆ ತಂದವನು ಇಟಲಿಯ ಗೆಲಿಲಿಯೊ. ಒಂದು ಇಳಿಜಾರಿನಲ್ಲಿ ಗುಂಡು ಬಿಟ್ಟರೆ ಎದುರಿನ ಏರಿನಲ್ಲಿ ಅದು ಹೆಚ್ಚುಕಡಿಮೆ ಅಷ್ಟೇ ಎತ್ತರ ಏರುತ್ತದೆ. ಏರನ್ನು ತಗ್ಗಿಸುತ್ತ ಹೋದರೆ, ಅಷ್ಟೇ ಎತ್ತರ ಮುಟ್ಟಲು ಗುಂಡು ಇನ್ನೂ ದೂರ ಹೋಗಬೇಕು. ಏರನ್ನು ಪೂರ್ತಿ ಸಪಾಟು ಮಾಡಿಬಿಟ್ಟರೆ? ಮುಟ್ಟಬೇಕಾದ ಎತ್ತರ ಎಂದೂ ಬರುವುದಿಲ್ಲ, ಗುಂಡು ನಿಲ್ಲುವುದಕ್ಕೆ ಕಾರಣವೂ ಇಲ್ಲ. ನ್ಯೂಟನ್ 1687ರಲ್ಲಿ ಇದನ್ನೇ ತನ್ನ ಮೊದಲ ನಿಯಮವಾಗಿ ಇಟ್ಟ. ಭೂಮಿಯ ಮೇಲೆ ಇದನ್ನು ಪೂರ್ತಿ ತೋರಿಸುವುದು ಕಷ್ಟ, ಆಕಾಶದಲ್ಲಿ ಸಾಕ್ಷಿ ಇದೆ. 1977ರಲ್ಲಿ ಹಾರಿಸಿದ ವಾಯೇಜರ್ 1 ನೌಕೆ ಈಗಲೂ ಸೆಕೆಂಡಿಗೆ ಸುಮಾರು 17 ಕಿಲೋಮೀಟರ್ ವೇಗದಲ್ಲಿ ಹೋಗುತ್ತಲೇ ಇದೆ. ಅದನ್ನು ಮುಂದಕ್ಕೆ ನೂಕುವ ಎಂಜಿನ್ ಯಾವುದೂ ಉರಿಯುತ್ತಿಲ್ಲ.

ಇನ್ನು ಮೊದಲ ಪ್ರಶ್ನೆ, ಸುಮ್ಮನೆ ಬಿದ್ದ ಕಲ್ಲಿನದು. ನನಗೆ ಹೆಚ್ಚು ಪ್ರೀತಿಯ ಪ್ರಶ್ನೆಯೂ ಇದೇ. ನಮ್ಮ ಮನೆ, ಶಾಲೆ, ಕಟ್ಟೆಗಳಿಗೆ ಹಾಸುವ ಶಹಾಬಾದ್ ಕಲ್ಲನ್ನು ಭೂಮಿ ಕೆಳಕ್ಕೆ ಸೆಳೆಯುತ್ತಿದೆ, ಕೆಳಗಿನ ಮಣ್ಣು ಅದನ್ನು ಅಷ್ಟೇ ಮೇಲಕ್ಕೆ ಒತ್ತುತ್ತಿದೆ. ಮಣ್ಣು ಒತ್ತುತ್ತದೆ ಎಂದರೆ ಮಕ್ಕಳು ನಂಬುವುದಿಲ್ಲ. ಅದಕ್ಕೆ ಒಂದು ಉದ್ದನೆಯ ತೆಳು ಹಲಗೆಯನ್ನು ಎರಡು ಬೆಂಚಿನ ನಡುವೆ ಸೇತುವೆಯ ಹಾಗೆ ಇಟ್ಟು ಮೇಲೆ ಕಲ್ಲು ಇಡಿಸುತ್ತೇನೆ. ಹಲಗೆ ಬಾಗುತ್ತದೆ. ಬಾಗಿದ ಹಲಗೆ ನೆಟ್ಟಗಾಗಲು ನೋಡುತ್ತ ಕಲ್ಲನ್ನು ಮೇಲೆತ್ತುತ್ತಿದೆ ಎಂಬುದು ಕೆಳಗಿನಿಂದ ಕೈಯಿಟ್ಟು ಒತ್ತಿ ನೋಡಿದರೆ ತಿಳಿಯುತ್ತದೆ. ದಪ್ಪ ಹಲಗೆ ಇಟ್ಟರೆ ಬಾಗು ಕಣ್ಣಿಗೆ ಕಾಣುವುದಿಲ್ಲ, ಆದರೆ ಇರುತ್ತದೆ. ನೆಲವೂ ಹಾಗೆಯೇ, ಕೂದಲಿಗಿಂತ ಎಷ್ಟೋ ಸಣ್ಣ ಅಳತೆಯಲ್ಲಿ ಅಮುಕಿಕೊಂಡು ಎದುರು ಒತ್ತುತ್ತದೆ.

ಈ ಪಾಠ ಮುಗಿದ ಮೇಲೆ ಆದರೆ ಮಕ್ಕಳನ್ನು ಕಲಬುರಗಿ ಕೋಟೆಯ ಜಾಮಿ ಮಸೀದಿಗೆ ಕರೆದುಕೊಂಡು ಹೋಗಬೇಕು. 1367ರಲ್ಲಿ ಕಟ್ಟಿದ್ದು. ಬೇರೆ ದೊಡ್ಡ ಮಸೀದಿಗಳ ಹಾಗೆ ನಡುವೆ ತೆರೆದ ಅಂಗಳ ಇಲ್ಲ, ಇಡೀ ಜಾಗದ ಮೇಲೆ ಛಾವಣಿ, ಛಾವಣಿ ತುಂಬ ಗುಮ್ಮಟಗಳು. ಒಳಗೆ ಹೋದರೆ ಅಗಲವಾದ, ತಗ್ಗಿನಿಂದಲೇ ಎದ್ದ ಕಮಾನುಗಳು ಒಂದರ ಹಿಂದೊಂದು. ಕಮಾನು ನಿಲ್ಲುವ ಬಗೆ ನೋಡಿ: ಪ್ರತಿ ಕಲ್ಲಿಗೂ ಕೆಳಕ್ಕೆ ಬೀಳಬೇಕೆಂಬ ಆಸೆ, ಆದರೆ ಅಕ್ಕಪಕ್ಕದ ಎರಡು ಕಲ್ಲು ಅದನ್ನು ಎರಡೂ ಕಡೆಯಿಂದ ಒತ್ತಿ ಹಿಡಿದಿವೆ. ಆ ಒತ್ತು ಕಲ್ಲಿನಿಂದ ಕಲ್ಲಿಗೆ ಇಳಿಯುತ್ತ ಇಳಿಯುತ್ತ ಕಮಾನಿನ ಬುಡಕ್ಕೆ ಬಂದಾಗ ಕೆಳಕ್ಕೆ ಮಾತ್ರವಲ್ಲ, ಹೊರಕ್ಕೂ ತಳ್ಳುತ್ತಿರುತ್ತದೆ. ಕಂಬದ ಈ ಕಡೆಯ ಕಮಾನು ಆ ಕಡೆಗೆ ತಳ್ಳಿದರೆ, ಆ ಕಡೆಯ ಕಮಾನು ಈ ಕಡೆಗೆ ತಳ್ಳಿ ಅದನ್ನು ಸರಿದೂಗಿಸುತ್ತದೆ. ಸಾಲಿನ ಕೊನೆಯಲ್ಲಿ ಎದುರು ತಳ್ಳಲು ಕಮಾನಿಲ್ಲವಲ್ಲ, ಅಲ್ಲಿ ದಪ್ಪ ಗೋಡೆ ತನ್ನ ಭಾರದಿಂದ ಆ ಕೆಲಸ ಮಾಡುತ್ತದೆ. ಆರೂವರೆ ಶತಮಾನದಿಂದ ಈ ತಳ್ಳಾಟ ಒಂದು ಗಳಿಗೆಯೂ ಬಿಡುವಿಲ್ಲದೆ ನಡೆದಿದೆ. ಪ್ರವಾಸಿಗಳು ಎಂಥ ಶಾಂತಿ ಎಂದುಕೊಂಡು ಫೋಟೋ ತೆಗೆದುಕೊಂಡು ಬರುತ್ತಾರೆ. ಶಾಂತಿ ಇದೆ, ನಿಜ. ಅದರೊಳಗೆ ಸಾವಿರಾರು ಟನ್‌ಗಳ ಸಮಜೋಡಿ ಇದೆ ಎಂದು ತಿಳಿದು ನೋಡಿದರೆ ಮೈ ಝುಂ ಎನ್ನುತ್ತದೆ.

ಸಮತೋಲ ತಪ್ಪಿದರೆ ಏನಾಗುತ್ತದೆ ಎಂದು ನೋಡಲು ಬೀದರ್ ಪಕ್ಕದ ಅಷ್ಟೂರಿಗೆ ಹೋಗಬೇಕು. ಬಹಮನಿ ಸುಲ್ತಾನರ ಗೋರಿಗಳ ಸಾಲಿನಲ್ಲಿ ಹುಮಾಯೂನ್ ಶಾಹನ ಗೋರಿ ಸಿಡಿಲು ಬಡಿದು ಸೀಳಿಹೋಗಿದೆ. ಗುಮ್ಮಟದ ಒಂದು ಪಾಲು ಉದುರಿ, ಉಳಿದದ್ದು ಕೊಯ್ದಿಟ್ಟಂತೆ ನಿಂತಿದೆ. ಒಳಗಿನ ಇಟ್ಟಿಗೆಯ ವರಸೆ, ಗೋಡೆಯ ದಪ್ಪ ಎಲ್ಲ ಬಯಲಾಗಿ ಕಾಣುತ್ತದೆ. ಬಿದ್ದ ಪಾಲಿನ ಮೇಲೆ ಬಲ ಮಿಕ್ಕಿತು, ಅದು ಚಲಿಸಿತು, ಅಂದರೆ ಬಿತ್ತು. ಉಳಿದ ಪಾಲಿನಲ್ಲಿ ಒತ್ತಡಗಳು ಹೊಸ ದಾರಿ ಹಿಡಿದು ಮತ್ತೆ ಸರಿದೂಗಿದವು, ಹಾಗಾಗಿ ಅದು ನಿಂತಿತು. ಪುಸ್ತಕದಲ್ಲಿ ಅಡ್ಡಕೊಯ್ತದ ಚಿತ್ರ ಬರೆದು ತೋರಿಸುವುದನ್ನು ಇಲ್ಲಿ ಸಿಡಿಲೇ ಬರೆದಿದೆ. ಕಟ್ಟಡ ಕಲೆ ಓದುವ ಹುಡುಗರು ಈ ಗೋರಿಯ ಎದುರು ಅರ್ಧ ದಿನವಾದರೂ ಕೂರಬೇಕು ಎಂದು ನನ್ನ ಆಸೆ.

ಮಳೆಯ ಮಾತನ್ನೂ ಹೇಳಿಬಿಡುತ್ತೇನೆ. ಒಂದು ಕಿಲೋಮೀಟರ್ ಎತ್ತರದಿಂದ ಬೀಳುವ ಹನಿಗೆ ಗಾಳಿಯ ತಡೆ ಇಲ್ಲದಿದ್ದರೆ ನೆಲ ಮುಟ್ಟುವಾಗ ಅದರ ವೇಗ ಸೆಕೆಂಡಿಗೆ 140 ಮೀಟರ್, ಗಂಟೆಗೆ 500 ಕಿಲೋಮೀಟರ್ ಆಗುತ್ತಿತ್ತು. ಕೊಡೆ ಹಿಡಿದು ಪ್ರಯೋಜನವಿಲ್ಲ. ಬೆಳೆಯ ಗತಿಯನ್ನಂತೂ ಕೇಳುವುದೇ ಬೇಡ. ನಿಜದಲ್ಲಿ ದೊಡ್ಡ ಹನಿಯೂ ಸೆಕೆಂಡಿಗೆ ಸುಮಾರು 9 ಮೀಟರ್ ಮೀರುವುದಿಲ್ಲ. ವೇಗ ಏರಿದಂತೆ ಗಾಳಿಯ ತಡೆಯೂ ಏರುತ್ತದೆ. ಅದು ಹನಿಯ ತೂಕಕ್ಕೆ ಸಮವಾದ ಕ್ಷಣದಿಂದ ವೇಗ ಏರುವುದು ನಿಂತು, ಅಲ್ಲಿಂದ ನೆಲದವರೆಗೆ ಒಂದೇ ವೇಗ. ಬೀಳುತ್ತಿದೆ, ಆದರೂ ಬಲಗಳು ಸಮ. ಆಲಿಕಲ್ಲು ಯಾಕೆ ಬೇರೆ? ಗಾತ್ರ ಎರಡರಷ್ಟು ಅಗಲವಾದರೆ ತೂಕ ಎಂಟರಷ್ಟಾಗುತ್ತದೆ, ಗಾಳಿಗೆ ಎದುರಾಗುವ ಮೈ ನಾಲ್ಕರಷ್ಟೇ ಆಗುತ್ತದೆ. ಸರಿದೂಗಲು ಹೆಚ್ಚು ವೇಗ ಬೇಕು. ಬೇಸಿಗೆಯ ಆಲಿಕಲ್ಲಿಗೆ ಮಾವು, ದ್ರಾಕ್ಷಿ ಕಳೆದುಕೊಂಡ ರೈತರಿಗೆ ಆ ವೇಗದ ಪರಿಣಾಮ ಚೆನ್ನಾಗಿ ಗೊತ್ತು.

ಬಸ್ಸಿನ ಪ್ರಶ್ನೆಗೆ ಬರೋಣ. ಜನ ತುಂಬಿದ ಹದಿನೈದು ಟನ್ ಬಸ್ಸು ಅರವತ್ತರ ವೇಗದಲ್ಲಿ ಹೋಗುವಾಗ ಟೈರಿನ ತಡೆ, ಗಾಳಿಯ ತಡೆ ಎರಡೂ ಸೇರಿ ಅಂದಾಜು 200 ಕಿಲೋ ತೂಕದಷ್ಟು ಹಿಂದಕ್ಕೆ ಹಿಡಿಯುತ್ತವೆ. ಎಂಜಿನ್ ಕೆಲಸ ಅಷ್ಟನ್ನು ತೀರಿಸುವುದು ಮಾತ್ರ. ಬಸ್ಸನ್ನು ಓಡಿಸುತ್ತಿರುವುದು ಬಸ್ಸಿನದೇ ಜಡತ್ವ, ಅಂದರೆ ಇದ್ದ ಓಟದಲ್ಲೇ ಇರುವ ಅದರ ಗುಣ; ಎಂಜಿನ್ ತಡೆಯ ಸಾಲವನ್ನು ಹೊತ್ತೊತ್ತಿಗೆ ಕಟ್ಟುತ್ತಿರುತ್ತದೆ. ಒಳಗೆ ಕೂತವರಿಗೂ ಇದು ಗೊತ್ತಾಗುತ್ತದೆ. ಒಂದೇ ವೇಗದಲ್ಲಿ ಹೋಗುವಾಗ ನಿದ್ದೆ ಬರುತ್ತದೆ, ಮೈಗೆ ಏನೂ ತಿಳಿಯುವುದಿಲ್ಲ. ಬ್ರೇಕ್ ಹಾಕಿದಾಗ, ಬಿಟ್ಟಾಗ, ತಿರುವಿನಲ್ಲಿ ಮಾತ್ರ ಮೈ ಓಲಾಡುತ್ತದೆ. ನಮ್ಮ ದೇಹಕ್ಕೆ ವೇಗ ಅಳೆಯಲು ಬರುವುದಿಲ್ಲ, ವೇಗದ ಬದಲಾವಣೆ ಅಳೆಯಲು ಬರುತ್ತದೆ. ಕಲಬುರಗಿ–ಬೀದರ್ ರೈಲು ಮಾರ್ಗ 2017ರಲ್ಲಿ ತೆರೆದ ಮೇಲೆ ನಾನು ಮಕ್ಕಳಿಗೆ ಕೊಡುವ ಮನೆಗೆಲಸ ಇದು: ರೈಲಿನಲ್ಲಿ ಹೋಗುವುದಾದರೆ ಅರ್ಧ ನೀರಿರುವ ಬಾಟಲಿಯನ್ನು ಅಡ್ಡ ಮಲಗಿಸಿ ಹಿಡಿದು ನೀರಿನ ಮಟ್ಟ ನೋಡುತ್ತ ಕೂರಿ. ಸಪಾಟು ಹಳಿಯಲ್ಲಿ ಮಟ್ಟ ಬಾಟಲಿಗೆ ಸಮವಾಗಿದ್ದರೆ ರೈಲಿನ ಮೇಲೆ ಬಲ ಸರಿದೂಗಿದೆ. ಒಂದು ತುದಿಗೆ ನೀರು ಏರಿದರೆ ಎಲ್ಲೋ ಬಲ ಮಿಕ್ಕಿದೆ. ಕಿಟಕಿ ನೋಡದೆ, ನೀರು ನೋಡಿ, ಸ್ಟೇಷನ್ ಬಂತು ಎಂದು ಹೇಳುವ ಮಕ್ಕಳಿದ್ದಾರೆ.

ದಿಕ್ಕು ಬದಲಾಗುವುದಕ್ಕೂ ಬಲ ಬೇಕು ಎಂಬುದನ್ನು ಬೀದರಿನವರು ತಲೆಯೆತ್ತಿದರೆ ಕಾಣಬಹುದು. 1996ರಲ್ಲಿ ಶುರುವಾದ ವಾಯುಪಡೆಯ ಸೂರ್ಯಕಿರಣ ತಂಡದ ನೆಲೆ ಬೀದರ್. ಒಂಬತ್ತು ವಿಮಾನ ಸಾಲು ಕಟ್ಟಿ ನೆಟ್ಟಗೆ ಒಂದೇ ಎತ್ತರದಲ್ಲಿ, ಒಂದೇ ವೇಗದಲ್ಲಿ ಹೋಗುವಾಗ ಪ್ರತಿಯೊಂದರ ಮೇಲೂ ರೆಕ್ಕೆಯ ಎತ್ತುವಿಕೆ ತೂಕಕ್ಕೆ ಸಮ, ಎಂಜಿನ್ನಿನ ನೂಕು ಗಾಳಿಯ ತಡೆಗೆ ಸಮ. ತಿರುಗಬೇಕಾದರೆ ವಿಮಾನ ಒಂದು ಪಕ್ಕಕ್ಕೆ ವಾಲುತ್ತದೆ. ವಾಲಿದಾಗ ರೆಕ್ಕೆಯ ಎತ್ತುವಿಕೆಯೂ ವಾಲಿ, ಅದರ ಒಂದು ಪಾಲು ವಿಮಾನವನ್ನು ಪಕ್ಕಕ್ಕೆ ಎಳೆಯುತ್ತದೆ. ಆ ಮಿಕ್ಕ ಬಲವೇ ತಿರುವು. ಅರವತ್ತು ಡಿಗ್ರಿ ವಾಲಿ ಎತ್ತರ ಕಳೆದುಕೊಳ್ಳದೆ ತಿರುಗಬೇಕಾದರೆ ರೆಕ್ಕೆ ತೂಕದ ಎರಡರಷ್ಟು ಎತ್ತಬೇಕು. ಒಳಗಿನ ಪೈಲಟ್‌ನ ಮೈಯೂ ಆಗ ಅವನಿಗೆ ಎರಡರಷ್ಟು ಭಾರ.

ಇದೇ ಸಾಲಿನಲ್ಲಿ ಒಂದು ಮಾತು ನನ್ನನ್ನು ಕಾಡುತ್ತದೆ. ಆದಿತ್ಯ ಎಲ್1 ನೌಕೆ 2023ರ ಸೆಪ್ಟೆಂಬರ್ 2ರಂದು ಹೊರಟು 2024ರ ಜನವರಿ 6ರಂದು ಎಲ್1 ಎಂಬ ತನ್ನ ಜಾಗ ಸೇರಿತು. ಭೂಮಿಯಿಂದ 15 ಲಕ್ಷ ಕಿಲೋಮೀಟರ್. ಅಲ್ಲಿ ಸೂರ್ಯ ಮತ್ತು ಭೂಮಿಯ ಸೆಳೆತ ಸರಿಸಮ, ಅದಕ್ಕೇ ನೌಕೆ ಅಲ್ಲಿ ನಿಲ್ಲುತ್ತದೆ ಎಂಬ ಮಾತು ಎಲ್ಲ ಕಡೆ ಓಡಾಡಿತು. ನಮ್ಮ ಮಕ್ಕಳೂ ಅದನ್ನೇ ಬರೆದುಕೊಂಡು ಬಂದರು. ಹಾಗಿಲ್ಲ. ಸೆಳೆತಗಳು ನಿಜಕ್ಕೂ ಸಮವಾಗುವ ಜಾಗ ಭೂಮಿಯಿಂದ ಸುಮಾರು 2 ಲಕ್ಷ 60 ಸಾವಿರ ಕಿಲೋಮೀಟರಿನಲ್ಲೇ ಬಂದುಹೋಗುತ್ತದೆ, ಚಂದ್ರನಿಗಿಂತ ಈಚೆಗೆ. ಎಲ್1ರಲ್ಲಿ ಸೂರ್ಯನ ಸೆಳೆತವೇ ಬಹಳ ಹೆಚ್ಚು. ಬಲಗಳು ಸರಿದೂಗಿದ್ದರೆ ನೌಕೆ ನೆಟ್ಟಗೆ ಒಂದೇ ದಿಕ್ಕಿಗೆ ಹೊರಟುಹೋಗುತ್ತಿತ್ತು, ಸೂರ್ಯನನ್ನು ಸುತ್ತುತ್ತಿರಲಿಲ್ಲ. ಅದು ಭೂಮಿಯ ಜೊತೆಗೇ ವರ್ಷಕ್ಕೊಂದು ಸುತ್ತು ಬರುತ್ತಿದೆ, ಸುತ್ತು ಎಂದರೆ ಗಳಿಗೆ ಗಳಿಗೆಗೂ ದಿಕ್ಕಿನ ಬದಲಾವಣೆ. ಸೂರ್ಯನ ಸೆಳೆತದಲ್ಲಿ ಭೂಮಿಯ ಸೆಳೆತ ಕಳೆದು ಉಳಿದದ್ದು, ಸರಿಯಾಗಿ ಒಂದು ವರ್ಷದ ಸುತ್ತಿಗೆ ಬೇಕಾದಷ್ಟೇ ಆಗುವ ಜಾಗ ಎಲ್1. ಇಸ್ರೋದವರ ಸಾಧನೆಯನ್ನು ಮಕ್ಕಳಿಗೆ ಹೆಮ್ಮೆಯಿಂದ ಹೇಳುವಾಗ ಅದರ ಲೆಕ್ಕವನ್ನೂ ಸರಿಯಾಗಿ ಹೇಳುವುದು ನಮ್ಮ ಹೊಣೆ.

ಕೊನೆಗೆ ಜೋಕಾಲಿ. ನಾಗರ ಪಂಚಮಿಗೆ ನಮ್ಮ ಕಡೆ ಬೇವಿನ ಮರಕ್ಕೆ ಜೋಕಾಲಿ ಕಟ್ಟದ ಓಣಿ ಇಲ್ಲ. ತವರಿಗೆ ಬಂದ ಹೆಣ್ಣುಮಕ್ಕಳು, ಶೇಂಗಾದುಂಡಿ ಕೈಯಲ್ಲಿ ಹಿಡಿದ ಮಕ್ಕಳು, ಎಲ್ಲರೂ ಜೀಕುವವರೇ. ಹಬ್ಬ ಮುಗಿಸಿ ಬಂದ ಹುಡುಗಿಯೊಬ್ಬಳು ಕೇಳಿದಳು: "ಮ್ಯಾಲ ತುದಿಗಿ ಹೋದಾಗ ಜೋಕಾಲಿ ಒಂದ್ ಗಳಿಗಿ ನಿಂದರ್ತದ ಅಲ್ರಿ ಟೀಚರ್. ನಿಂತದ ಅಂದ ಮ್ಯಾಲ ಅಲ್ಲಿ ಬಲ ಸರಿದೂಗ್ಯಾವೇನ್ರಿ?" ಇದಕ್ಕಿಂತ ಒಳ್ಳೆಯ ಪ್ರಶ್ನೆ ಈ ಪಾಠದಲ್ಲಿ ನನಗೆ ಬಂದಿಲ್ಲ.

ಸರಿದೂಗಿಲ್ಲ. ಸರಿದೂಗಿದ್ದರೆ ಜೋಕಾಲಿ ಅಲ್ಲಿಯೇ ನಿಂತುಬಿಡುತ್ತಿತ್ತು. ಆ ಗಳಿಗೆಯಲ್ಲಿ ವೇಗ ಸೊನ್ನೆ, ಬಲ ಸೊನ್ನೆಯಲ್ಲ. ಆ ಬಲವೇ ಅವಳನ್ನು ಮರುಗಳಿಗೆ ಕೆಳಕ್ಕೆ ತರುವುದು. ಮೇಲಕ್ಕೆ ಎಸೆದ ಚೆಂಡು ತುತ್ತತುದಿಯಲ್ಲಿ ನಿಂತಂತೆ ಕಂಡಾಗಲೂ ಇದೇ ಕತೆ. ಹಾಗಾದರೆ ಅತ್ಯಂತ ಕೆಳಗೆ, ನೆಲದ ಹತ್ತಿರ, ಭರ್ರನೆ ಹೋಗುವಾಗ? ಅಲ್ಲಿ ವೇಗ ಎಲ್ಲಕ್ಕಿಂತ ಹೆಚ್ಚು, ಆ ಕ್ಷಣಕ್ಕೆ ಏರುತ್ತಲೂ ಇಲ್ಲ, ಇಳಿಯುತ್ತಲೂ ಇಲ್ಲ. ಆದರೂ ಬಲ ಸರಿದೂಗಿಲ್ಲ, ಯಾಕೆಂದರೆ ದಾರಿ ಬಾಗಿದೆ. ಕೆಳಗಿಳಿದವಳನ್ನು ಮತ್ತೆ ಮೇಲಕ್ಕೆ ತಿರುಗಿಸಲು ಹಗ್ಗ ಅವಳ ತೂಕಕ್ಕಿಂತ ಹೆಚ್ಚು ಜಗ್ಗಬೇಕು.

ಎಷ್ಟು ಹೆಚ್ಚು ಎಂದು ಲೆಕ್ಕ ಹಾಕಿದೆವು. ಹುಡುಗಿ 40 ಕಿಲೋ, ಹಗ್ಗ ಲಂಬದಿಂದ 60 ಡಿಗ್ರಿಯವರೆಗೆ ಏರುವಂತೆ ಜೀಕುತ್ತಾಳೆ ಎನ್ನಿ. ಮೇಲಿನ ತುದಿಯಲ್ಲಿ ಹಗ್ಗದ ಮೇಲೆ ಬೀಳುವುದು ಅವಳ ತೂಕದ ಅರ್ಧ, 20 ಕಿಲೋ. ಕೆಳಗೆ ಬಂದಾಗ ಎರಡರಷ್ಟು, 80 ಕಿಲೋ. ಹಗ್ಗ ನೆಲಕ್ಕೆ ಅಡ್ಡವಾಗುವಷ್ಟು, ಅಂದರೆ 90 ಡಿಗ್ರಿಯವರೆಗೆ, ಜೀಕುವ ಗಂಡುಹುಡುಗರ ಲೆಕ್ಕ ಮೂರರಷ್ಟಕ್ಕೆ ಬರುತ್ತದೆ. ಟೊಂಗೆ ಕಿರ್ರೆನ್ನುವುದು ಮೇಲೆ ಹೋದಾಗಲ್ಲ, ಕೆಳಗೆ ಬಂದಾಗ ಯಾಕೆ ಎಂಬುದು ಮಕ್ಕಳಿಗೆ ತಾನಾಗಿಯೇ ಹೊಳೆಯಿತು. ಹಗ್ಗ ಹರಿಯುವುದಾದರೂ ಹೆಚ್ಚಾಗಿ ಹರಿಯುವುದು ಅಲ್ಲಿಯೇ, ವೇಗ ಎಲ್ಲಕ್ಕಿಂತ ಹೆಚ್ಚಿರುವ ಜಾಗದಲ್ಲಿ.

ಹಾಗಾಗಿ ಪಂಚಮಿ ಬಂದಾಗ ನಮ್ಮ ಓಣಿಯಲ್ಲಿ ಒಂದು ಮಾತು ಹೇಳುತ್ತೇನೆ. ಜೋಕಾಲಿ ಕಟ್ಟಿದವರು ಒಬ್ಬರು ಜೋತುಬಿದ್ದು ನೋಡಿ, ತಡೀತದ, ಸಾಕು ಎನ್ನಬಾರದು. ನಿಂತ ತೂಕಕ್ಕೆ ತಡೆಯುವ ಹಗ್ಗ ಜೀಕಿದ ತೂಕಕ್ಕೆ ತಡೆಯಬೇಕೆಂದಿಲ್ಲ. ಇಬ್ಬರು ಹೆಂಗಸರು ಒಟ್ಟಿಗೆ ನಿಂತು ಜೀಕುವ ಜೋಕಾಲಿಯಾದರೆ ಅವರಿಬ್ಬರ ತೂಕದ ಮೂರರಷ್ಟು ತೊಗರಿ ಚೀಲಗಳನ್ನು ಅದಕ್ಕೆ ತೂಗುಹಾಕಿ ಒಂದು ತಾಸು ಬಿಟ್ಟು ನೋಡಿ. ಟೊಂಗೆಗೆ ಹಗ್ಗ ಉಜ್ಜುವ ಕಡೆ ಗೋಣಿತಟ್ಟು ಸುತ್ತಿ. ಹೋದ ವರ್ಷದ ಹಗ್ಗವಾದರೆ ಎಳೆ ಬಿಡಿಸಿ ಒಳಗೆ ನೋಡಿ, ಹುಡಿ ಉದುರಿದರೆ ಅದನ್ನು ದನ ಕಟ್ಟಲು ಇಟ್ಟುಕೊಂಡು ಜೋಕಾಲಿಗೆ ಹೊಸದು ತನ್ನಿ.